ಹೇಳಿದ ಮಾತು ಕೇಳಿದ ನಾಯಿಮರಿ

ಇಸ್ತ್ರಿಯವರ ಕೈ ದಾಟಿ ಹೋದ ಬಟ್ಟೆಯಲ್ಲಿ ಒಂದು ಸುಕ್ಕು ಉಳಿದದ್ದನ್ನು ಆ ಬೀದಿಯಲ್ಲಿ ಯಾರೂ ಕಂಡಿಲ್ಲ. ಮೂವತ್ತೈದು ವರ್ಷದಿಂದ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಂಬಳಿ ಹೊದಿಸಿದ ಮೇಜು, ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ, ಗೋಡೆಗೆ ಒರಗಿಸಿದ ಬಟ್ಟೆಯ ಗಂಟುಗಳು. ಗಿರಾಕಿಗಳ ಎದುರು ಬೆಣ್ಣೆಯಂಥ ಮನುಷ್ಯ. ಮನೆಯವರ ವಿಷಯ ಬಂದರೆ ಮಾತ್ರ ಕೋಪ ಮೂಗಿನ ತುದಿಯಲ್ಲೇ. ಬಟ್ಟೆಯಾಗಲಿ ಮಕ್ಕಳಾಗಲಿ, ಬಿಸಿ ಮುಟ್ಟಿಸದೆ ನೆಟ್ಟಗಾಗುವುದಿಲ್ಲ ಎಂದು ನಂಬಿ ಅರ್ಧ ಆಯಸ್ಸು ಕಳೆದವರು.

ಅವರಿಗೆ ಒಬ್ಬನೇ ಮಗ, ಲಾರಿ ಡ್ರೈವರ್. ಎರಡು ಬೀದಿ ಆಚೆ ಒಂದು ಕೋಣೆ ಹಿಡಿದುಕೊಂಡು ಒಬ್ಬನೇ ಇದ್ದಾನೆ. ವಾರಕ್ಕೊಮ್ಮೆ ಬರುತ್ತಾನೆ, ಬಾಗಿಲ ಹತ್ತಿರ ಕೂತು ಅಮ್ಮ ಕೊಟ್ಟ ಟೀ ಕುಡಿಯುತ್ತಾನೆ, ಅಪ್ಪ ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಾನೆ, ಎದ್ದು ಹೋಗುತ್ತಾನೆ. ಬುದ್ಧಿ ಬಂದಾಗಿನಿಂದ ಅಪ್ಪನ ಹತ್ತಿರ ಏನನ್ನೂ ಕೇಳಿದವನಲ್ಲ. ಅಂಥವನು ಒಂದು ಸಂಜೆ ನಾಲ್ಕು ತಿಂಗಳ ನಾಯಿಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ನಿಂತ. ಬಿಳಿ ಮೈ, ಹಣೆಯ ಮೇಲೆ ಕೋಟಿನ ಗುಂಡಿಯಷ್ಟೇ ದುಂಡಗೆ ಒಂದು ಕಪ್ಪು ಮಚ್ಚೆ. ಅದಕ್ಕೇ ಗುಂಡಿ ಎಂದು ಹೆಸರಿಟ್ಟಿದ್ದ.

"ದೂರದ ಲೋಡಿದೆ, ಬರೋದು ಆರು ವಾರ ಆಗುತ್ತೆ. ಇದನ್ನ ಇಟ್ಕೋತೀರಾ?" ಎಂದ. ಸ್ವಲ್ಪ ತಡೆದು, "ಒಂದೇ ಮಾತು ಅಪ್ಪ. ಹೊಡೀಬೇಡಿ" ಎಂದ.

ಇಸ್ತ್ರಿಯವರಿಗೆ ಚುರುಕ್ ಎಂದಿತು. "ನಾನ್ಯಾಕಪ್ಪಾ ಹೊಡೀಲಿ, ನಂಗೇನು ಹುಚ್ಚಾ?" ಎಂದರು. ಮಗ ನಾಯಿಮರಿಯನ್ನು ಅಮ್ಮನ ಕೈಗೆ ಕೊಟ್ಟು ಹೊರಟ.

ಅವನು ಹಾಗೆ ಕೇಳಿಕೊಂಡದ್ದಕ್ಕೆ ಕಾರಣವಿತ್ತು. ಒಂಬತ್ತು ತುಂಬುವವರೆಗೂ ಅವನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ. ಮನೆಯಲ್ಲಿದ್ದದ್ದು ಎರಡೇ ಕೋಣೆ. ಅವನ ಹಾಸಿಗೆ ಇಸ್ತ್ರಿ ಮೇಜಿನ ಕೆಳಗೆ. ಬೆಳಿಗ್ಗೆ ಐದಕ್ಕೆ ಎದ್ದು ಬರುವ ಅಪ್ಪ ನಾಲ್ಕು ಬಟ್ಟೆ ಮುಗಿಸಿ, ಬಗ್ಗಿ, ಹಾಸಿಗೆ ಮುಟ್ಟಿ ನೋಡುತ್ತಿದ್ದರು. ಒದ್ದೆ ಇತ್ತೋ, ಏಟು. ಆಮೇಲೆ ಚಾದರವನ್ನು ಬೀದಿ ಕಡೆಯ ತಂತಿಗೆ ಹಾಕುವುದು, ನಾಲ್ಕು ಜನ ನೋಡಲಿ ಅಂತಲೇ. ಅದನ್ನೆಲ್ಲ ಅವರು ಶಿಸ್ತು ಎಂದು ಕರೆಯುತ್ತಿದ್ದರು. ಈಗ ಏನೆಂದು ಕರೆಯಬೇಕೋ ಅವರಿಗೇ ತಿಳಿಯದು. ಈ ಆರು ವಾರ ಕೈ ಎತ್ತದೆ ಕಳೆದುಬಿಟ್ಟರೆ ಮಗನಿಗೆ ತನ್ನ ಮೇಲೆ ಒಂದಿಷ್ಟು ನಂಬಿಕೆ ಬಂದೀತು ಎಂಬ ಆಸೆ ಹುಟ್ಟಿತು. ಹೆಂಡತಿಗೂ ಹೇಳಲಿಲ್ಲ.

ಮೊದಲ ವಾರ ಗುಂಡಿ ಕಂಡಕಂಡಲ್ಲಿ ಕೆರೆ ಕಟ್ಟಿತು. ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಅದಕ್ಕೆ ಕಲಿಸಲು ನಿಂತಳು. ಎದ್ದ ಕೂಡಲೇ, ತಿಂದ ಕೂಡಲೇ, ಎರಡು ಗಂಟೆಗೊಮ್ಮೆ ಹಿತ್ತಲಿಗೆ ಒಯ್ಯುವುದು. ಅಲ್ಲಿ ಮಾಡಿದರೆ ತಲೆ ಸವರಿ ಚೂರು ಬಿಸ್ಕತ್ತು. ಮೂರನೆಯ ವಾರಕ್ಕೆ ನೆಲ ಒಣಗಿತು. ಇಸ್ತ್ರಿಯವರು ತಾವೇ ಕಲಿಸಿದಂತೆ ಎದೆ ಉಬ್ಬಿಸಿ, ಬಂದ ಗಿರಾಕಿಗಳಿಗೆಲ್ಲ, "ಒಂದು ಏಟಿಲ್ಲದೆ ಕಲಿತಿದೆ ನೋಡಿ ಸ್ವಾಮಿ" ಎಂದು ಹೇಳಿಕೊಂಡರು.

ನಾಲ್ಕನೆಯ ವಾರ ಎಲ್ಲ ನೀರುಪಾಲಾಯಿತು. ಆ ವಾರವೇ ಹೊಸ ಹೋಟೆಲೊಂದರಿಂದ ಮೇಜಿಗೆ ಹಾಸುವ ದಪ್ಪ ಬಿಳಿ ಬಟ್ಟೆಗಳ ಕೆಲಸ ಸಿಕ್ಕಿತ್ತು. ಸೋಮವಾರ ಮೇಜಿನ ಕಾಲಿನ ಹತ್ತಿರ ಒಂದು ಕೆರೆ. ಮಂಗಳವಾರ ಎರಡು. ಬುಧವಾರ ಗುಂಡಿ ಅವರ ಕಣ್ಣೆದುರೇ ಹೋಗಿ, ಮಡಿಚಿಟ್ಟ ಹೋಟೆಲಿನ ಗಂಟಿನ ಮೇಲೆ ನಿಧಾನವಾಗಿ ಕೂತು ಕೆಲಸ ಮುಗಿಸಿತು. ಮುಗಿಸಿ, ಬಾಲ ಆಡಿಸುತ್ತ ಅವರ ಮುಖ ನೋಡಿತು.

"ಏಯ್!" ಎಂದು ಇಸ್ತ್ರಿಯವರು ಕಿರುಚಿದರು. ಕೈಗೆ ಸಿಕ್ಕಿದ ಒದ್ದೆ ಟವೆಲ್ಲು ತಲೆಯ ಮೇಲಕ್ಕೆ ಹೋಯಿತು. ಗುಂಡಿ ನೆಲಕ್ಕೆ ಅಂಟಿಕೊಂಡು ಕಣ್ಣು ಮುಚ್ಚಿತು, ಕೂತಲ್ಲೇ ಇನ್ನೊಮ್ಮೆ ಒದ್ದೆ ಮಾಡಿಕೊಂಡಿತು. ಕಣ್ಣು ಮುಚ್ಚುವ ಆ ರೀತಿಯನ್ನು ಅವರು ಮೊದಲೂ ನೋಡಿದ್ದರು, ಇದೇ ಮೇಜಿನ ಕೆಳಗೆ. ಟವೆಲ್ಲು ಕೆಳಗಿಳಿಯಿತು. ಅಂದು ಅವರು ಊಟ ಮಾಡಲಿಲ್ಲ.

ಮರುದಿನ ಅದನ್ನು ನಾಯಿ ಡಾಕ್ಟರಮ್ಮನ ಹತ್ತಿರ ಒಯ್ದರು. ಆಕೆ ಪರೀಕ್ಷೆ ಮಾಡಿ, "ರೋಗ ಏನಿಲ್ಲ. ಕಲಿತ ಮರಿಗಳು ಒಮ್ಮೊಮ್ಮೆ ಹೀಗೆ ಹಿಂದಕ್ಕೆ ಹೋಗ್ತವೆ. ಬೈಬೇಡಿ, ಬೈದ್ರೆ ನಿಮ್ಮನ್ನ ಕಂಡು ಹೆದರುತ್ತೆ ಅಷ್ಟೆ. ವಾಸನೆ ಉಳಿದ್ರೆ ಅಲ್ಲೇ ಮತ್ತೆ ಮಾಡುತ್ತೆ, ವಿನೆಗರ್ ನೀರಲ್ಲಿ ಚೆನ್ನಾಗಿ ಒರೆಸಿ. ಮೊದಲ ದಿನದಿಂದ ಮತ್ತೆ ಶುರು ಮಾಡಿ. ಯಾವಾಗ, ಎಲ್ಲಿ ಮಾಡುತ್ತೆ ಅಂತ ಬರೆದಿಡಿ" ಎಂದರು.

ಇಸ್ತ್ರಿಯವರು ಬಟ್ಟೆಗೆ ಪಿನ್ನಿನಿಂದ ಸಿಕ್ಕಿಸುವ ಚೀಟಿಗಳ ಹಿಂದೆ ಬರೆದಿಟ್ಟರು. ಭಾನುವಾರ ಗಂಡ ಹೆಂಡತಿ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ಎಲ್ಲವೂ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರ ಒಳಗೆ, ಎಲ್ಲವೂ ಮುಂದಿನ ಕೋಣೆಯಲ್ಲಿ. ಶನಿವಾರ ಮಾತ್ರ ಒಂದೂ ಇಲ್ಲ.

"ಶನಿವಾರ ಹೋಟೆಲ್ ಬಟ್ಟೆ ಬಂದಿರ್ಲಿಲ್ಲ," ಎಂದರು ಇಸ್ತ್ರಿಯವರು. "ಬರೀ ಪಾಲಿಸ್ಟರ್ ಅಂಗಿ. ಅದಕ್ಕೆ ನೀರು ಚಿಮುಕಿಸೋದೂ ಇಲ್ಲ."

ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. "ಅಯ್ಯೋ ರೀ! ನಾನು ಹಿತ್ತಲಲ್ಲಿ ಅದನ್ನ ನಿಲ್ಲಿಸ್ಕೊಂಡು ಸ್ಸ್‌ಸ್ಸ್ ಅಂತೀನಿ. ಎಳೆ ಮಕ್ಕಳಿಗೆ ಅನ್ನಲ್ವಾ, ಹಾಗೆ. ಅದನ್ನ ಕೇಳಿದ್ಮೇಲೇ ಅದು ಮಾಡೋದು."

ಇಸ್ತ್ರಿಯವರು ಪೆಟ್ಟಿಗೆ ಬಿಸಿ ಮಾಡಿ, ದಪ್ಪ ಬಟ್ಟೆಗೆ ನೀರು ಚಿಮುಕಿಸಿ ಒತ್ತಿದರು. ಸ್ಸ್‌ಸ್ಸ್ ಎಂದಿತು. ಮೂಲೆಯಲ್ಲಿ ತೂಕಡಿಸುತ್ತಿದ್ದ ಗುಂಡಿ ಎದ್ದಿತು, ನಾಲ್ಕು ಹೆಜ್ಜೆ ಬಂದಿತು, ಕೂತಿತು, ಮಾಡಿತು. ಬಾಲ ಆಡಿಸಿ ಬಿಸ್ಕತ್ತಿಗೆ ಕಾದು ನಿಂತಿತು.

ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಸ್ತ್ರಿಯವರಿಗೂ ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಪಾಪ, ಅದು ಹೇಳಿದ ಮಾತು ಕೇಳುತ್ತಿತ್ತು. ಕೇಳಿದ್ದಕ್ಕೇ ತಾನು ಟವೆಲ್ಲು ಎತ್ತಿದ್ದು.

ಹೆಂಡತಿ ಸದ್ದು ಬದಲಾಯಿಸಿ "ಹೋಗ್ಬಾ ಹೋಗ್ಬಾ" ಎನ್ನುವುದನ್ನು ರೂಢಿ ಮಾಡಿಸಿದಳು. ಹೋಟೆಲ್ ಬಟ್ಟೆಯ ಹೊತ್ತಿಗೆ ಗುಂಡಿ ಅಡುಗೆಮನೆಯಲ್ಲಿ. ಎರಡು ಗಂಟೆಗೊಮ್ಮೆ ಇಸ್ತ್ರಿಯವರೇ ಪೆಟ್ಟಿಗೆ ಆರಿಸಿ ಅದನ್ನು ಹಿತ್ತಲಿಗೆ ಒಯ್ದರು, ಅದು ಮೂಸುತ್ತ ಸುತ್ತುವಷ್ಟು ಹೊತ್ತೂ ಕಾದರು. ನಡುವೆ ಎರಡು ಸಲ ಮತ್ತೆ ತಪ್ಪಿತು. ಎರಡು ಸಲವೂ ಬಾಯಿ ಬಿಗಿಹಿಡಿದು ಒರೆಸಿದರು.

ಹಾಗೆ ಕಾಯುತ್ತ ನಿಂತಾಗಲೇ ಅವರಿಗೆ ಹೊಳೆದದ್ದು. ಮಗನಿಗೂ ಅವನ ಅಮ್ಮ ಹಾಗೇ ಸ್ಸ್‌ಸ್ಸ್ ಎಂದೇ ಕಲಿಸಿದ್ದಳು. ಆ ಕಾಲಕ್ಕೆ ಬರುತ್ತಿದ್ದದ್ದೆಲ್ಲ ಕಾಟನ್ನು. ಬೆಳಿಗ್ಗೆ ಐದಕ್ಕೆ ಅವನ ತಲೆಯ ಮೇಲೇ ಪೆಟ್ಟಿಗೆ ಸ್ಸ್ ಎನ್ನುತ್ತಿತ್ತು. ಹಾಗಾದರೆ ಹುಡುಗನ ತಪ್ಪೂ ಇಲ್ಲ, ನಿಜ ನೋಡಿದರೆ ಯಾರ ತಪ್ಪೂ ಇಲ್ಲ! ಎಷ್ಟೋ ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ಮಗ ಯಾವಾಗ ಬಂದಾನೋ ಎಂದು ದಾರಿ ನೋಡತೊಡಗಿದರು.

ಮಗ ಬಂದ. ನೆಲದ ಮೇಲೆ ಕೂತು, ಮೈಮೇಲೆ ಬಿದ್ದು ಹೊರಳಾಡುವ ಗುಂಡಿಯನ್ನು ಹಿಡಿದುಕೊಂಡು, ಸ್ಸ್ ಕಥೆ ಕೇಳಿ ಗೊಳ್ಳೆಂದು ನಕ್ಕ. ಅಪ್ಪನ ಎದುರು ಅವನು ಹಾಗೆ ನಕ್ಕದ್ದೇ ಅಪರೂಪ. ಅದೇ ಧೈರ್ಯದಲ್ಲಿ ಇಸ್ತ್ರಿಯವರು ಹೇಳಿಯೇಬಿಟ್ಟರು. "ನಿಂಗೂ ಹೀಗೇ ಆಗಿರ್ಬೇಕು ಕಣೋ. ಚಿಕ್ಕವನಿದ್ದಾಗ. ಈ ಪೆಟ್ಟಿಗೆ ಸದ್ದಿಗೇ ಆಗ್ತಿತ್ತು ಅದು. ನಮಗ್ಯಾರಿಗೂ ಗೊತ್ತಾಗ್ಲೇ ಇಲ್ಲ."

ಮಗನ ಕೈ ನಾಯಿಯ ಬೆನ್ನ ಮೇಲೆ ನಿಂತಿತು. ಕೋಪವಿಲ್ಲದೆ, ಬಹಳ ಮೆಲ್ಲಗೆ ಹೇಳಿದ.

"ಪೆಟ್ಟಿಗೆ ಸದ್ದಿಗಲ್ಲಪ್ಪ. ಅದಕ್ಕಿಂತ ಮುಂಚೇನೇ ನಂಗೆ ಎಚ್ಚರ ಆಗ್ತಿತ್ತು. ನೀವು ಒಳಗಿಂದ ಎದ್ದು ಬರೋ ಹೆಜ್ಜೆ ಸದ್ದು ಕೇಳಿದ ಕೂಡ್ಲೇ ಆಗ್ಬಿಡ್ತಿತ್ತು. ಅಲ್ಲೀವರೆಗೂ ಹಾಸಿಗೆ ಒಣಗಿರ್ತಿತ್ತು."

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಇಸ್ತ್ರಿಯವರು ಮೇಜಿನ ಅಂಚು ಹಿಡಿದು ನಿಧಾನವಾಗಿ ನೆಲಕ್ಕೆ ಕೂತರು, ಮಗನ ಎದುರಿಗೆ. ಕಾಲರು ಸುಟ್ಟಾಗ, ಅಂಗಿಯ ಗುಂಡಿ ಕಿತ್ತುಹೋದಾಗ, ಊರವರಿಗೆಲ್ಲ ಲೆಕ್ಕವಿಲ್ಲದಷ್ಟು ಸಲ ಹೇಳಿದ ಮಾತು ಅವರ ನಾಲಿಗೆಯ ಮೇಲೆ ಎಷ್ಟೋ ಹೊತ್ತು ತಡವರಿಸಿತು.

"ತಪ್ಪಾಯ್ತಪ್ಪ," ಎಂದರು.

ಮಗ ಪರವಾಗಿಲ್ಲ ಎನ್ನಲಿಲ್ಲ. ಅಮ್ಮ ಕೊಟ್ಟಿದ್ದ, ತಣ್ಣಗಾದ ಟೀಯನ್ನು ಕುಡಿದು ಮುಗಿಸಿದ. ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗುಂಡಿಯ ಹಗ್ಗವನ್ನು ಅಪ್ಪನ ಕೈಗೆ ಕೊಟ್ಟ.

"ಬುಧವಾರ ಮತ್ತೆ ಹೊರಡ್ಬೇಕು. ಇದು ಇಲ್ಲೇ ಇರ್ಲಿ," ಎಂದ.