ನೆರಳಿಗೊಂದು ಕೊಡ ನೀರು

ಅವಳು ಕಣ್ಣನ್ನು ಯಾವತ್ತೂ ಕೈಯಿಂದ ಒರೆಸಿಕೊಂಡವಳಲ್ಲ. ಕಣ್ಣಲ್ಲಿ ನೀರು ಬಂದರೆ ಮೊಣಕೈ ಮಡಚಿ, ಆ ಮಡಿಕೆಯ ಒಳಭಾಗವನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು, ಕೋಳಿ ರೆಕ್ಕೆಯೊಳಗೆ ತಲೆ ಇಟ್ಟ ಹಾಗೆ. ಬೆರಳ ತುದಿಗಳೆಲ್ಲ ಕೆಂಪು. ಉಗುರಿನ ಸಂದಿಯ ಕೆಂಪಂತೂ ದೀಪಾವಳಿಯ ಎಣ್ಣೆಸ್ನಾನಕ್ಕೂ ಹೋಗುತ್ತಿರಲಿಲ್ಲ. ಆ ಬೆರಳು ಕಣ್ಣಿಗೆ ತಾಗಿದರೆ ಅರ್ಧ ದಿನ ಕುರುಡಿಯಾಗಿ ಕೂರಬೇಕು.

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಎಂದು ಹೊರಗಿನವರು ಹೊಗಳುತ್ತಾರೆ. ಹೊಗಳಲಿ. ರಾಶಿಯ ಪಕ್ಕ ಎಂಟು ತಾಸು ಕೂತು ತುಂಬು ಬಿಡಿಸಿದವರು ಮಾತ್ರ ಹಾಗೆ ಹೇಳುವುದಿಲ್ಲ. ತುಂಬು ಅಂದರೆ ಕಾಯಿಯ ತೊಟ್ಟು. ಒಬ್ಬ ದಲ್ಲಾಳಿಯ ಅಡತಿ ಅಂಗಡಿಯ ಹಿಂದಿನ ಅಂಗಳದಲ್ಲಿ, ಬೇವಿನ ಗಿಡದ ಬುಡದಲ್ಲಿ ಹತ್ತು ಹನ್ನೆರಡು ಹೆಂಗಸರು ಆ ಕೆಲಸಕ್ಕೆ ಕೂರುತ್ತಿದ್ದರು. ನನ್ನ ಅವ್ವನೂ ಅವರಲ್ಲೊಬ್ಬಳು. ಅವರೆಲ್ಲರ ಯಜಮಾನಿಕೆ ಮಾತ್ರ ಮೊಣಕೈಯಲ್ಲಿ ಕಣ್ಣೊರೆಸುತ್ತಿದ್ದ ಆ ಮುದುಕಿಯದು. ಯಾರೂ ನೇಮಿಸಿರಲಿಲ್ಲ, ಅವಳೇ ವಹಿಸಿಕೊಂಡಿದ್ದಳು. ಎಲ್ಲರೂ ಅವಳಿಗೆ ದೊಡ್ಡವ್ವ ಅನ್ನುತ್ತಿದ್ದರು. ನನಗೆ ಅವಳು ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ, ನಾನೂ ದೊಡ್ಡವ್ವ ಅಂದೆ.

ನಾನು ಆ ಅಂಗಳಕ್ಕೆ ಹೋದದ್ದು ಪಿಯುಸಿ ಫೇಲಾಗಿ. ಒಂದೇ ವಿಷಯ, ಅರ್ಥಶಾಸ್ತ್ರ. ಅದೂ ಎರಡು ಸಲ. ತೆರಿಗೆಯ ಪಾಠ ಬಂದರೆ ಸಾಕು, ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ, ತಲೆಗೆ ಹತ್ತುತ್ತಿರಲಿಲ್ಲ. ಮಾರ್ಚಿನ ಪರೀಕ್ಷೆಗೆ ಅವ್ವ ಬಲವಂತದಿಂದ ಇನ್ನೊಮ್ಮೆ ಫಾರ್ಮು ತುಂಬಿಸಿದ್ದಳು. ಪರೀಕ್ಷೆಗೆ ಕೂರುವುದಿಲ್ಲ ಎಂದು ನಾನು ಒಳಗೇ ಗಟ್ಟಿ ಮಾಡಿಕೊಂಡಿದ್ದೆ. ಫೇಲಾದರೂ ಬೈಯದ ಒಂದು ಜಾಗ ಬೇಕಿತ್ತು. ಮೆಣಸಿನಕಾಯಿ ಯಾರ ಅಂಕಪಟ್ಟಿಯನ್ನೂ ಕೇಳುವುದಿಲ್ಲ.

ಮೊದಲ ದಿನ ಮೂಗಿಗೆ ಓಢಣಿಯನ್ನು ಮೂರು ಸುತ್ತು ಬಿಗಿದು, ರಾಶಿಯಿಂದ ದೂರ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡವ್ವ ಕತ್ತೆತ್ತಿ ನೋಡಿದಳು.

"ಏ ಹುಡುಗಿ, ನೀ ಇನ್ನೂ ಸೀನೇ ಇಲ್ಲಲ್ಲ?"

"ಇಲ್ಲ ದೊಡ್ಡವ್ವ," ಎಂದೆ ಹೆಮ್ಮೆಯಿಂದ.

"ಹಂಗಾರ ತೆರಿಗಿ ಬಿತ್ತು. ಒಂದ ಕೊಡ ನೀರ ತಗೊಂಬಾ."

ನಳ ಇದ್ದದ್ದು ರಸ್ತೆಯ ಆಚೆ. "ಸೀನಿದ್ರ ತೆರಿಗಿ ಹಾಕಬೇಕಪ, ಸೀನಲಾರದ್ದಕ್ಕ ಯಾಕ?" ಎಂದು ಕೇಳಿದೆ.

"ರಾಶಿ ಹಂತೇಲಿ ಕುಂತಾಕಿ ಸೀನಲಾರದ ಇರಾಕ ಆಗೂದಿಲ್ಲ. ಸೀನಿಲ್ಲ ಅಂದ್ರ ಒಂದೋ ನೀ ದೂರ ಕುಂತೀದಿ, ಇಲ್ಲಾ ಕೈ ಆಡಿಸಿಲ್ಲ. ನಿನ್ನ ಪಾಲಿನ ಸೀನೂ ನಾವ ಸೀನೇವಿ. ಅದರ ಋಣಾ ತೀರಿಸು, ಹೋಗು."

ನಾನು ಕೊಡ ಎತ್ತಿಕೊಂಡು ಹೋದೆ. ತೆರಿಗೆಯ ಬಗ್ಗೆ ನನಗೆ ಅರ್ಥವಾದ ಮೊದಲ ಪಾಠ ಅದು.

ಹೀಗೆ ಅವಳ ರಾಜ್ಯದಲ್ಲಿ ಹಲವು ತೆರಿಗೆಗಳಿದ್ದವು. ಎಲ್ಲದಕ್ಕೂ ಒಂದೇ ನಾಣ್ಯ, ಒಂದು ಕೊಡ ನೀರು. ದೊಡ್ಡ ತೆರಿಗೆ ನೆರಳಿನದು. ಬೇವಿನ ಗಿಡದ ನೆರಳು ಅಷ್ಟು ಜನಕ್ಕೆ ಸಾಲುತ್ತಿರಲಿಲ್ಲ. ನೆರಳಲ್ಲಿ ಕೂತವರು ಬಿಸಿಲಲ್ಲಿ ಕೂತವರಿಗೆ ನೀರು ತಂದು ಕೊಡಬೇಕು. ಮಧ್ಯಾಹ್ನ ದಾಟಿ ನೆರಳು ಆ ಕಡೆ ಸರಿದರೆ ಕೊಡವೂ ಆ ಕಡೆಯ ಕೈಗೆ ಹೋಗುತ್ತಿತ್ತು. "ಬಿಸಲಾಗ ಕುಂತಾಕಿ ಏನ್ ಪಾಪ ಮಾಡ್ಯಾಳ? ನೆರಳಾಗ ಕುಂತಾಕಿ ಏನ್ ಪುಣ್ಯ ಮಾಡ್ಯಾಳ?" ಎನ್ನುವಳು. "ಸೂರ್ಯಾ ಎಲ್ಲಿ ನಿಂತಾನ ಅಷ್ಟ. ಬಿಟ್ಟಿ ಸಿಕ್ಕದ್ದನ್ನ ಹಂಚಿ ತಿನಬೇಕು."

ಚಾಡಿಗೂ ತೆರಿಗೆಯಿತ್ತು. ಅತ್ತೆಯನ್ನು ಬೈದವರು ನೀರು ತರಬೇಕು, ಇಲ್ಲವೇ ಅದೇ ಅತ್ತೆಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಮಾಫಿ ಪಡೆಯಬೇಕು. ಮೋಟೆಬೆನ್ನೂರಿಂದ ಬರುತ್ತಿದ್ದ ಒಬ್ಬ ಅಕ್ಕ ದಿನಾ ಸಿಕ್ಕಿಬೀಳುತ್ತಿದ್ದಳು. ಒಂದು ದಿನ ಬಹಳ ಹೊತ್ತು ಯೋಚಿಸಿ, "ನಮ್ಮತ್ತಿ ಮಲಗಿದಾಗ ಯಾರಿಗೂ ಬೈಯೂದಿಲ್ಲ ನೋಡ್ರಿ," ಎಂದಳು. ದೊಡ್ಡವ್ವ ಗಂಭೀರವಾಗಿ ವಿಚಾರ ಮಾಡಿ, "ಅರ್ಧಾ ಮಾಫಿ. ಅರ್ಧಾ ಕೊಡ ತಗೊಂಬಾ," ಎಂದು ತೀರ್ಪು ಕೊಟ್ಟಳು.

ನನ್ನ ಮೇಲೆ ಇನ್ನೊಂದು ತೆರಿಗೆ ಬಿದ್ದದ್ದು ಎರಡನೇ ವಾರ. ಮಿರ್ಚಿಭಜಿ ಕಟ್ಟಿಕೊಟ್ಟ ಪೇಪರಿನ ತುಂಡನ್ನು ಬಿಡಿಸಿ ನೋಡುತ್ತ ಕೂತಿದ್ದೆ.

"ಏನ್ ಐತಿ ಅದರಾಗ?"

"ಏನಿಲ್ಲ ಬಿಡ ದೊಡ್ಡವ್ವ."

"ಏನೂ ಇಲ್ಲಂದ್ರ ಇಷ್ಟೊತ್ತು ಯಾಕ ನೋಡಾಕತ್ತಿದ್ದಿ? ಗಟ್ಟಿ ಓದು. ಅಕ್ಷರಾನೂ ನೆರಳಿದ್ದಂಗ. ನಿನ್ನ ಮ್ಯಾಲ ಬಿದ್ದೈತಿ, ನಮ್ಮ ಮ್ಯಾಲ ಬಿದ್ದಿಲ್ಲ. ತೆರಿಗಿ ಕೊಟ್ಟ ಕುಂದ್ರು."

ಈ ತೆರಿಗೆಗೆ ಮಾತ್ರ ನೀರು ನಡೆಯುತ್ತಿರಲಿಲ್ಲ. ದಿನಾ ಊಟದ ನಂತರ ಏನಾದರೂ ಗಟ್ಟಿಯಾಗಿ ಓದಬೇಕು. ಎಣ್ಣೆ ಹತ್ತಿದ ಪೇಪರು, ಮದುವೆ ಕಾಗದ, ಕೀಟನಾಶಕದ ಡಬ್ಬಿಯ ಮೇಲಿನ ಎಚ್ಚರಿಕೆ, ಎಲ್ಲ ಓದಿದೆ. ಒಂದು ದಿನ ಏನೂ ಸಿಗದೆ, ಅವ್ವ ನನಗೆ ಗೊತ್ತಿಲ್ಲದಂತೆ ಬುತ್ತಿಯ ಚೀಲದಲ್ಲಿ ಇಟ್ಟಿದ್ದ ಅರ್ಥಶಾಸ್ತ್ರದ ಪುಸ್ತಕವನ್ನೇ ತೆಗೆದೆ. ಪುಟ ತಾನಾಗೇ ತೆರೆದದ್ದು ಅದೇ ಹಾಳು ಪಾಠಕ್ಕೆ. ಪ್ರತಿಯಾಗಿ ಏನನ್ನೂ ನಿರೀಕ್ಷಿಸದೆ ಕಡ್ಡಾಯವಾಗಿ ಕೊಡಬೇಕಾದದ್ದು ತೆರಿಗೆ, ಎಂಬರ್ಥದ ಒಂದು ಸಾಲು ಓದಿದೆ.

"ಅಯ್ಯ, ಅದು ತೆರಿಗಿ ಅಲ್ಲ ಬೇ," ಎಂದಳು ಮೋಟೆಬೆನ್ನೂರಿನ ಅಕ್ಕ. "ಅದು ಲಗ್ನ!"

ಎಲ್ಲರೂ ನಕ್ಕರು. ನಕ್ಕವರೆಲ್ಲ ಘಾಟು ಏರಿ ಸೀನಿದರು. ಸೀನು ನಿಂತ ಮೇಲೆ ದೊಡ್ಡವ್ವ ಮುಂದೆ ಓದಲು ಹೇಳಿದಳು. ಪ್ರತ್ಯಕ್ಷ ತೆರಿಗೆಯನ್ನು ಹಾಕಿಸಿಕೊಂಡವನೇ ಕೊಡಬೇಕು, ಪರೋಕ್ಷ ತೆರಿಗೆಯನ್ನು ಇನ್ನೊಬ್ಬರ ಮೇಲೆ ದಾಟಿಸಬಹುದು ಎಂದು ಓದಿದೆ. ಅವಳು ಒಂದು ಕಾಯಿಯ ತುಂಬು ಮುರಿದು ಬುಟ್ಟಿಗೆ ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡು ಹೇಳಿದಳು. "ಅಂದ್ರ ಮ್ಯಾಲ ಕುಂತಾಂವ ಕೆಳಗ ದಾಟಸ್ತಾನ. ಅಂವಾ ಇನ್ನೂ ಕೆಳಗ. ಎಲ್ಲಾರ್ಕಿಂತ ಕೆಳಗ ಕುಂತಾಕಿಗೆ ದಾಟಸಾಕ ಯಾರೂ ಇಲ್ಲ, ಆಕಿ ಕೊಡ್ತಾಳ. ತಿಳೀತು. ಮುಂದ ಓದು."

ಎರಡು ಸಲ ಫೇಲಾದವಳು ನಾನು. ಒಮ್ಮೆ ಕೇಳಿ ತಿಳಿದುಕೊಂಡವಳು ಅವಳು.

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ರಾತ್ರಿ ಮೊಬೈಲಿನಲ್ಲಿ ವಿಚಿತ್ರ ತೆರಿಗೆಗಳನ್ನು ಹುಡುಕುವುದು, ಮರುದಿನ ಅಂಗಳದಲ್ಲಿ ಓದುವುದು. ಯಾಕೆ ಹಾಕಿದರು ಅನ್ನುವುದನ್ನು ನಾನು ಹೇಳಕೂಡದು, ಅದನ್ನು ದೊಡ್ಡವ್ವ ತಾನೇ ಹೇಳುವಳು. ರಷ್ಯಾದಲ್ಲಿ ಒಬ್ಬ ದೊರೆ ಗಡ್ಡಕ್ಕೆ ತೆರಿಗೆ ಹಾಕಿದ್ದ ಎಂದೆ.

"ಅವಗ ಮಂದಿ ಗಡ್ಡಾ ತಗೀಬೇಕಾಗಿತ್ತು. ತಗೀರಿ ಅಂದ್ರ ಜಗಳಾ ಆಕ್ಕಾವು. ಇಟಗೋರಿ, ಆದ್ರ ತೆರಿಗಿ ಕೊಡ್ರಿ ಅಂದ್ರ ತಾವ ಹಜಾಮನ ಮನಿ ಹುಡುಕ್ತಾರ."

ಖರೇ ಅಂದರೆ ಅದೇ ಕಾರಣವಾಗಿತ್ತು. ಇಂಗ್ಲೆಂಡಿನಲ್ಲಿ ಕಿಟಕಿಗಳ ಲೆಕ್ಕದಲ್ಲಿ ತೆರಿಗೆ ಹಾಕುತ್ತಿದ್ದರು ಎಂದೆ. ಅವಳು ಎರಡು ತುಂಬು ಮುರಿದು ಬುಟ್ಟಿಗೆ ಹಾಕಿದಳು.

"ಮನಿಯೊಳಗ ಕಾಲಿಡಲಾರದ, ಬೀದ್ಯಾಗ ನಿಂತ ಎಣಿಸಬಹುದಲ್ಲ. ಶಾಣ್ಯಾ ಅದಾನ. ಆದ್ರ ಮಂದಿ ಖಿಡಕಿ ಮುಚ್ಚಿದ್ರ?"

"ಮುಚ್ಚಿದ್ರು ದೊಡ್ಡವ್ವ. ಇಟ್ಟಂಗಿ ಇಟ್ಟು ಕಟ್ಟಿಬಿಟ್ರು."

"ಅಲ್ಲೇ ಮತ್ತ! ತೆರಿಗಿ ಬಿದ್ದದ್ದು ಕಡಿಮಿ ಆಕೈತಿ. ಯಾವುದು ಕಡಿಮಿ ಆಗಬೇಕೋ ಅದಕ್ಕ ಹಾಕಬೇಕು ನೋಡ. ಬೆಳಕಿಗೆ ಹಾಕ್ತಾರೇನು, ಮೂಳಗೋಳು."

ಆ ಹೊತ್ತಿಗೆ ನನಗೂ ಸ್ವಲ್ಪ ಶಾಣ್ಯಾತನ ಬಂದಿತ್ತು. ಎಲ್ಲರೆದುರು ಅವಳನ್ನು ಸೋಲಿಸುವ ಆಸೆ. ಕೇಳಿಬಿಟ್ಟೆ: "ಹಂಗಾರ ಅಕ್ಷರಕ್ಕ ಯಾಕ ತೆರಿಗಿ ಹಾಕೀದಿ? ಅಕ್ಷರ ಕಡಿಮಿ ಆಗಬೇಕೇನು?"

ಅವಳ ಕೈ ನಿಂತಿತು. ಅರ್ಧ ಮುರಿದ ತುಂಬು ಕಾಯಿಗೆ ಜೋತುಬಿದ್ದಿತ್ತು. "ಹೌದಲ್ಲ," ಎಂದಳು, ಅಷ್ಟೇ. ಮೋಟೆಬೆನ್ನೂರಿನ ಅಕ್ಕ, "ಗೆದ್ದಳು ನೋಡ್ರಿ ಹುಡುಗಿ!" ಎಂದು ಚಪ್ಪಾಳೆ ತಟ್ಟಿದಳು. ನಾನು ಬೀಗುತ್ತ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ದೊಡ್ಡವ್ವ ಸಾರಿದಳು: "ಇವತ್ತಿಂದ ಅಕ್ಷರದ ತೆರಿಗಿ ರದ್ದು. ಪರೀಕ್ಷಾ ಇಟಗೊಂಡು ಇಲ್ಲಿ ಬಂದ ಕುಂದ್ರಾಕಿಗೆ ಹೊಸಾ ತೆರಿಗಿ. ಇವತ್ತ ಒಂದ ಕೊಡ. ದಿನಕ್ಕೊಂದು ಜಾಸ್ತಿ."

ಅಂಥವಳು ಅಲ್ಲಿ ನಾನೊಬ್ಬಳೇ. ಅವ್ವನ ಮುಖ ನೋಡಿದೆ. ಅವ್ವ ತಲೆ ತಗ್ಗಿಸಿ ತುಂಬು ಬಿಡಿಸುತ್ತಿದ್ದಳು, ಎಂದಿಗಿಂತ ಜೋರಾಗಿ.

ಮೊದಮೊದಲು ತಮಾಷೆ ಎಂದುಕೊಂಡೆ. ಮೂರನೇ ದಿನ ತಮಾಷೆ ಹೋಯಿತು. ನಾಲ್ಕನೇ ದಿನ ಸೊಂಟ ಹೋಯಿತು. ನಾನು ತಂದ ನೀರನ್ನು ಯಾರೂ ಕುಡಿಯುತ್ತಲೂ ಇರಲಿಲ್ಲ. ದೊಡ್ಡವ್ವ ಅದನ್ನು ಬೇವಿನ ಗಿಡದ ಬುಡಕ್ಕೆ ಸುರಿಯುತ್ತಿದ್ದಳು. "ನೆರಳಿನ ತೆರಿಗಿ ನೆರಳಿಗೇ ಹೋಗಬೇಕು," ಎಂದು ಅದಕ್ಕೂ ಒಂದು ಕಾರಣ. ಹೆಂಗಸರು ಕೊಡ ಎಣಿಸಿ ನಗುತ್ತಿದ್ದರು. ನಿನ್ನೆಯವರೆಗೆ ನನ್ನ ಓದು ಕೇಳಿದವರು ಇವತ್ತು ನನ್ನನ್ನು ಓಡಿಸಲು ಒಂದಾಗಿದ್ದರು. ಆರನೇ ದಿನ ನಾಲ್ಕನೇ ಕೊಡವನ್ನು ನೆಲಕ್ಕೆ ಕುಕ್ಕಿದೆ.

"ಇದು ತೆರಿಗಿ ಅಲ್ಲ ದೊಡ್ಡವ್ವ, ಕಿರುಕುಳ! ಖರೇ ಅಂದ್ರ ಕಿರುಕುಳ!"

"ಹೆಸರ ಏನರ ಇಡು ತಂಗಿ. ಕೊಡ ಮಾತ್ರ ಆರು."

"ನಾ ಏನ್ ಮಾಡೀನಿ ನಿನಗ? ಹತ್ತು ಮಂದಿ ಬಂದು ಕುಂದರ್ತಾರ, ನಾ ಒಬ್ಬಾಕಿ ಹೆಚ್ಚಾದ್ನೇನು?"

ಅವಳು ಎದ್ದು ನನ್ನ ಹತ್ತಿರ ಬಂದಳು. ಧ್ವನಿ ಇಳಿಸಿದಳು. "ಮೊನ್ನೆ ನೀನ ಕೇಳಿದೆಲ್ಲ, ಅಕ್ಷರ ಕಡಿಮಿ ಆಗಬೇಕೇನು ಅಂತ. ರಾತ್ರೆಲ್ಲಾ ವಿಚಾರ ಮಾಡಿದೆ. ಈ ಗಿಡದ ಬುಡಕ್ಕ ನಿನ್ನಂಥಾರು ಕಡಿಮಿ ಆಗಬೇಕು. ಅದಕ್ಕ."

ನನಗೆ ಆಗ ಅದು ಕೇಳಿಸಿತು, ಒಳಗೆ ಇಳಿಯಲಿಲ್ಲ. ಬುತ್ತಿಚೀಲ ಕಿತ್ತುಕೊಂಡು ಮನೆಗೆ ಬಂದೆ. ಚೀಲದಲ್ಲಿ ಬುತ್ತಿಯ ಜೊತೆ ಪುಸ್ತಕವೂ ಬಂತು. ಪರೀಕ್ಷೆಗೆ ನಲವತ್ತು ದಿನ ಇತ್ತು. ಸಿಟ್ಟಿಗೇ ಓದಿದೆ. ಪಾಸಾಗಿ ಆ ಮುದುಕಿಯ ಮುಖದ ಮುಂದೆ ಅಂಕಪಟ್ಟಿ ಹಿಡಿಯಬೇಕು ಎಂದು ಓದಿದೆ. ಪ್ರಶ್ನೆಪತ್ರಿಕೆಯಲ್ಲಿ ಪ್ರತ್ಯಕ್ಷ ಮತ್ತು ಪರೋಕ್ಷ ತೆರಿಗೆಗಳ ವ್ಯತ್ಯಾಸ ಕೇಳಿದ್ದರು. ಎಲ್ಲರಿಗಿಂತ ಕೆಳಗೆ ಕುಳಿತವಳನ್ನು ನೆನೆಯುತ್ತ ಎರಡು ಪುಟ ಬರೆದೆ. ಬರೆದು ಮುಗಿಸುವ ಹೊತ್ತಿಗೆ ಸಿಟ್ಟೂ ಮುಗಿದಿತ್ತು.

ಫಲಿತಾಂಶ ಬಂದ ದಿನ ಪೇಡೆ ತೆಗೆದುಕೊಂಡು ಅಂಗಳಕ್ಕೆ ಹೋದೆ. ಅವತ್ತು ಮಾರ್ಕೆಟ್ಟಿಗೆ ರಜೆ, ರಾಶಿಗೆ ತಾಡಪತ್ರಿ ಹೊದಿಸಿತ್ತು. ನಾಲ್ಕಾರು ಮಂದಿ ಚೀಲ ಹೊಲಿಯುತ್ತ ಕೂತಿದ್ದರು. ನಾನು ಮೊದಲು ರಸ್ತೆ ದಾಟಿ ಒಂದು ಕೊಡ ನೀರು ತಂದಿಟ್ಟೆ. ಆಮೇಲೆ ನೆರಳಲ್ಲಿ ಕೂತೆ.

"ಎಷ್ಟ ಬಿದ್ದಾವ?" ಎಂದಳು ದೊಡ್ಡವ್ವ.

"ಅರವತ್ತೊಂದು."

"ಉಳದ ಮೂವತ್ತೊಂಬತ್ತು ಯಾರ ತಿಂದ್ರು?"

ಅಂದವಳೇ ಮೊಣಕೈ ಮಡಚಿ ಕಣ್ಣಿಗೆ ಒತ್ತಿಕೊಂಡಳು. ಮೋಟೆಬೆನ್ನೂರಿನ ಅಕ್ಕ, "ದೊಡ್ಡವ್ವ ಅಳಾಕತ್ತಾಳ್ರೇ!" ಎಂದು ಕೂಗಿದಳು.

"ಘಾಟು ಬೇ, ಘಾಟು," ಎಂದಳು ದೊಡ್ಡವ್ವ, ತಾಡಪತ್ರಿ ಹೊದಿಸಿದ ರಾಶಿಯ ಪಕ್ಕ ಕೂತು.

ನಾನು ಹಾವೇರಿಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಅವಳು ತೀರಿಕೊಂಡಳು. ನಾಲ್ಕು ದಿನ ಕೆಮ್ಮು, ಐದನೇ ದಿನ ಇಲ್ಲ. ಅವ್ವ ಫೋನು ಮಾಡಿದಳು, ಬಸ್ಸು ಹಿಡಿದು ಬಂದೆ. ಮೀಯಿಸುವಾಗ ಹೆಂಗಸರು ಅವಳ ಬೆರಳುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಉಗುರಿನ ಕೆಂಪು ಹೋಗಲಿಲ್ಲ. "ಇರ್ಲಿ ಬಿಡ್ರೇ, ಅಲ್ಲೂ ಗುರ್ತು ಸಿಗಬೇಕಲ್ಲ," ಎಂದಳು ಮೋಟೆಬೆನ್ನೂರಿನ ಅಕ್ಕ. ಅವಳು ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ. ನೀರು ತರುವ ಸರದಿ ಯಾರದು ಎಂದು ಯಾರೋ ಕೇಳಿದರು. ನಾನು ಕೊಡ ಎತ್ತಿಕೊಂಡೆ.

ಈಗ ರಾಣೇಬೆನ್ನೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಮಾಡುತ್ತೇನೆ. ದಿನಾ ಜಿಎಸ್‌ಟಿಯ ಜೊತೆಗೇ ಸಂಸಾರ. ಭಾನುವಾರ ಮಾತ್ರ ಹಾವೇರಿಯ ಲೈಬ್ರರಿಗೆ ಹೋಗಿ ನಮ್ಮ ಸೀಮೆಯ ಹಳೆಯ ಕಲ್ಲುಬರಹಗಳ ಪುಸ್ತಕ ತೆಗೆದು ಕೂರುತ್ತೇನೆ. ಯಾರೂ ಕಲಿಸಿದ್ದಲ್ಲ. ಯೂಟ್ಯೂಬು ನೋಡಿ, ನಿಘಂಟು ಹಿಡಿದು, ತಪ್ಪುತ್ತ ತಪ್ಪುತ್ತ ಹಳಗನ್ನಡ ಬಿಡಿಸುತ್ತೇನೆ, ತುಂಬು ಬಿಡಿಸಿದ ಹಾಗೆ ಒಂದೊಂದೇ. ಹೋದ ತಿಂಗಳು ಹೊಳೆಸಾಲಿನ ಒಂದು ಊರಿನ ಶಾಸನ ಓದುತ್ತಿದ್ದೆ. ಊರಿನ ಕೆರೆಗೆಂದು ಬಿಟ್ಟುಕೊಟ್ಟ ತೆರಿಗೆಗಳ ಪಟ್ಟಿ. ಹೆಜ್ಜುಂಕ ಅಂತ ಮೊದಲು, ಅಂದರೆ ದೊಡ್ಡ ಸುಂಕ. ಆಮೇಲೆ ಒಂದೆರಡು ಬಾಯಿ ತಿರುಗದ ಹೆಸರು. ಕೊನೆಯಲ್ಲಿ ಕಿರುಕುಳ.

ತಪ್ಪು ಓದಿದೆ ಎಂದುಕೊಂಡೆ. ನಿಘಂಟು ತೆಗೆದೆ. ಸಣ್ಣಪುಟ್ಟ ಚಿಲ್ಲರೆ ತೆರಿಗೆಗಳಿಗೆ ಆಗ ಇದ್ದ ಹೆಸರೇ ಕಿರುಕುಳ. ನಾನು ಆರನೇ ದಿನ ಕೊಡ ಕುಕ್ಕಿ ಕೂಗಿದ್ದು ತಪ್ಪಾಗಿರಲಿಲ್ಲ. ಅವಳು ಹಾಕಿದ್ದೂ ತಪ್ಪಾಗಿರಲಿಲ್ಲ. ಅದು ತೆರಿಗೆಯೂ ಹೌದು, ಕಿರುಕುಳವೂ ಹೌದು. ಆ ಊರಿನದು ಹೋದದ್ದು ಕೆರೆಯ ನೀರಿಗೆ, ನನ್ನದು ಬೇವಿನ ನೆರಳಿಗೆ.

ಆ ಸಾಲನ್ನು ಮತ್ತೊಮ್ಮೆ ಓದಿದೆ. ಗಟ್ಟಿಯಾಗಿ ಓದುತ್ತಿದ್ದೇನೆ ಎಂದು ಗೊತ್ತಾದದ್ದು ಮೇಜಿನ ಬಳಿ ಕೂತ ಲೈಬ್ರರಿಯವರು ಎದ್ದು ಬಂದಾಗ.

"ಯಾಕ್ರೀ ಅಕ್ಕಾರ, ಮನಸ್ನ್ಯಾಗ ಓದಾಕ ಬರೂದಿಲ್ಲೇನ್ರಿ?"

"ಬರತೈತ್ರಿ," ಎಂದೆ. "ಮನಸ್ನ್ಯಾಗ ಓದಿದ್ರ ತೆರಿಗಿ ಮುಟ್ಟೂದಿಲ್ರಿ."

ಅವರಿಗೆ ಏನೂ ತಿಳಿಯಲಿಲ್ಲ. ನನ್ನ ಮುಖ ನೋಡಿ, ಬೈಯಲು ಬಂದವರು ತಿರುಗಿ ಹೋದರು. ನಾನು ಮೆಣಸಿನಕಾಯಿ ರಾಶಿಯ ಹತ್ತಿರ ಕೂತು ವರ್ಷಗಳಾದವು, ಬೆರಳೆಲ್ಲ ಬೆಳ್ಳಗಿವೆ. ಆದರೂ ಕಣ್ಣಿಗೆ ಕೈ ಹೋಗಲಿಲ್ಲ. ಮೊಣಕೈ ತಾನಾಗೇ ಮಡಚಿತು.