ಹನ್ನೆರಡು ಅಡಿ ಎತ್ತರದ ಗೆರೆ

ಓವರ್ಸಿಯರ್ ಸಂಜೀವಯ್ಯನವರು ಯಾರ ಮನೆಯ ಮುಂದೆ ನಿಂತರೂ ಮೊದಲು ಕತ್ತೆತ್ತಿ ಗೋಡೆಯ ಹನ್ನೆರಡು ಅಡಿ ಎತ್ತರವನ್ನು ನೋಡುತ್ತಿದ್ದರು. ಬಾಗಿಲಲ್ಲಿ ನಿಂತವರ ಮುಖ ನೋಡುವುದು ಆಮೇಲೆ. ಕೊಡೆಯ ತುದಿಯನ್ನು ಎತ್ತಿ ತೋರಿಸಿ, "ಇಲ್ಲಿಂದ ಕೆಳಗೆ ನಮ್ದು, ಮೇಲೆ ಅವರ್ದು" ಎನ್ನುತ್ತಿದ್ದರು. ಮನೆ ಕಟ್ಟಿಸಿದವನು ಪಕ್ಕದಲ್ಲೇ ಇರುತ್ತಿದ್ದ. ಅವನದು ಎಷ್ಟು ಎಂದು ಇವರು ಹೇಳುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯ ರಸ್ತೆಯಲ್ಲಿ ಕಂಬ ನೆಟ್ಟು, ಅದರ ಮೇಲೆ ಸಣ್ಣ ರೈಲು ಓಡಿಸುತ್ತಾರೆಂದು ಸುದ್ದಿಯಾಗಿತ್ತು. ಅದನ್ನು ಕಟ್ಟುವ ಅಧಿಕಾರ ಯಾರದೆಂದು ಎರಡು ಕಛೇರಿಗಳು ಕಿತ್ತಾಡಿ, ಕೊನೆಗೆ ರಸ್ತೆಯನ್ನು ಎತ್ತರದಲ್ಲಿ ಪಾಲು ಮಾಡಿಕೊಂಡವು. ನೆಲದಿಂದ ಹನ್ನೆರಡು ಅಡಿ ನಗರದ ಕಛೇರಿಗೆ, ಅದರ ಮೇಲಿನದು ರೈಲಿನ ಕಛೇರಿಗೆ. ಪ್ರತಿ ಗೋಡೆಯ ಮೇಲೂ ಗುರುತು ಬೇಕು. ಕೆಳಗೊಂದು ನೀಲಿ ಪಟ್ಟಿ, ಅದಕ್ಕೆ ತಾಗಿದಂತೆ ಮೇಲೊಂದು ಕೆಂಪು ಪಟ್ಟಿ. ಆ ಕೆಲಸಕ್ಕೆ ನನ್ನನ್ನು ಕರೆದರು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಆಗ ಚಾಮರಾಜಪೇಟೆಯ ಅರ್ಧ ಅಂಗಡಿಗಳ ಬೋರ್ಡು ನನ್ನ ಅಕ್ಷರ. ಗೆರೆ ಹಾಕಲು ನನಗೆ ದಾರ ಬೇಕಿರಲಿಲ್ಲ.

ಸಂಜೀವಯ್ಯನವರು ನಗರದ ಕಛೇರಿಯವರು, ಈ ಗೆರೆಯ ಕೆಲಸಕ್ಕಾಗಿ ರೈಲಿನ ಕಛೇರಿಗೆ ಎರವಲು ಹೋಗಿದ್ದರು. ಒಂದು ಕಾಸು ಮುಟ್ಟದ ಮನುಷ್ಯ. ಯಾರ ಮನೆಯಲ್ಲೂ ಕಾಫಿ ಕುಡಿಯುತ್ತಿರಲಿಲ್ಲ. ಒಮ್ಮೆ ಮಳೆ ಹಿಡಿದುಕೊಂಡು ಇಬ್ಬರೂ ಒಂದೇ ಕೊಡೆಯಡಿ ನಿಂತಿದ್ದಾಗ, "ಮಳೆ ಯಾರ್ದು ಸಾರ್?" ಎಂದು ಕೆಣಕಿದೆ. ಅವರು ನಗಲಿಲ್ಲ. ಕೊಡೆಯಾಚೆ ಕೈ ಚಾಚಿ, "ಬೀಳೋವರೆಗೂ ಅವರ್ದು ಕಣಯ್ಯ. ಬಿದ್ಮೇಲೆ ನಮ್ದು" ಎಂದರು.

ನಾನು ಬಿದ್ದದ್ದು ಊದುಬತ್ತಿ ಮಾಡುವವರ ಮನೆಯ ಗೋಡೆಯಿಂದ. ನೀಲಿ ಪಟ್ಟಿ ಮುಗಿದಿತ್ತು. ನಗರದ ಕಛೇರಿಯ ಕೂಲಿಯಾಳು ಏಣಿ ಹಿಡಿದಿದ್ದ. ಕೆಂಪು ಡಬ್ಬಿ ಎತ್ತಿಕೊಂಡು ಎರಡು ಮೆಟ್ಟಿಲು ಮೇಲೆ ಹತ್ತಿದೆ. ಸಂಜೀವಯ್ಯನವರು ಕೂಲಿಯವನಿಗೆ, "ಬಿಡಪ್ಪ ಏಣಿ. ಕೆಂಪು ಅವರ ಕೆಲಸ, ಅವರ ಆಳು ಬಂದು ಹಿಡೀಲಿ" ಎಂದರು.

"ಅವರ ಆಳು ಎಲ್ಲಿದಾನೆ ಸಾರ್?"

"ಬರ್ತಾನೆ. ಅಲ್ಲೀವರ್ಗೂ ಇಳಿದು ಕೂತ್ಕೊ ಮುನಿರಾಜ."

"ನನ್ನ ಏಣೀನ ಯಾರೂ ಹಿಡಿಯೋದು ಬೇಡ" ಎಂದೆ. ನನ್ನ ಕೊಬ್ಬು ಅದು, ಸುಳ್ಳು ಹೇಳುವುದಿಲ್ಲ. ನಾಲ್ಕು ಮೊಳ ಕೆಂಪು ಎಳೆಯುವಷ್ಟರಲ್ಲಿ ಏಣಿಯ ಕಾಲು ಜಾರಿತು.

ಬಲಗೈ ಮಣಿಕಟ್ಟಿನ ಮೇಲೆ ಮುರಿದು ಮೂಳೆ ಚರ್ಮವನ್ನು ಎತ್ತಿಕೊಂಡು ನಿಂತಿತ್ತು. ಸಂಜೀವಯ್ಯನವರು ಓಡಿ ಬಂದರು. ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದರು. ಆಮೇಲೆ ತಲೆಯನ್ನು ಮೆಲ್ಲಗೆ ನೆಲಕ್ಕಿಳಿಸಿ, ಟೇಪು ತೆಗೆದು, ನಾನು ನಿಂತಿದ್ದ ಮೆಟ್ಟಿಲು ನೆಲದಿಂದ ಎಷ್ಟು ಎತ್ತರದಲ್ಲಿತ್ತೆಂದು ಅಳೆದರು.

ಕೆಲಸದ ಮೇಲಿದ್ದಾಗ ಬಿದ್ದನೆಂದು ಒಂದು ಕಛೇರಿ ಒಪ್ಪಿಕೊಂಡಿದ್ದರೆ ಸಾಕಿತ್ತು, ಅದರ ಖರ್ಚಿನಲ್ಲೇ ದೊಡ್ಡ ಆಸ್ಪತ್ರೆಯಲ್ಲಿ ಕೈಗೆ ಆಪರೇಷನ್ ಆಗುತ್ತಿತ್ತು. ಸಂಜೀವಯ್ಯನವರು ಬರೆದ ವರದಿಯಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ: ಬೀಳುವಾಗ ಪೇಂಟರನ ಪಾದ ಗೆರೆಯ ಕೆಳಗೆ, ಕೈ ಗೆರೆಯ ಮೇಲೆ. ಮುರಿದದ್ದು ಕೈ, ಅದು ಮೇಲಿನವರದು ಎಂದಿತು ನಗರದ ಕಛೇರಿ. ಮನುಷ್ಯ ಇರುವುದು ಅವನ ಕಾಲಿರುವಲ್ಲಿ ಎಂದಿತು ರೈಲಿನ ಕಛೇರಿ.

ಸಂಜೀವಯ್ಯನವರು ವಾರಕ್ಕೆರಡು ಸಲ ಮೂಸಂಬಿ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು. ತಾವೇ ಸುಲಿದು ತೊಳೆ ತೊಳೆಯಾಗಿ ಬಾಯಿಗಿಡುತ್ತಿದ್ದರು. ನನ್ನ ಹೆಂಡತಿ ಅವರ ಕಾಲ ಬಳಿ ಕೂತು, "ಕೈ ಕೆಳಗಿತ್ತು ಅಂತ ಒಂದು ಸಾಲು ಬರೆದ್ಬಿಡಿ ಸ್ವಾಮಿ. ಇವರಿಗೆ ಕೈಯೇ ಅನ್ನ" ಎಂದಳು.

"ಸುಳ್ಳು ಬರೀಲೇನಮ್ಮಾ?" ಎಂದು ಕೇಳಿದರು. ನಿಜವಾಗಿಯೂ ಅವಳಿಂದ ಉತ್ತರ ಬೇಕಾಗಿದ್ದವರ ಹಾಗೆ ಕೇಳಿದರು. ಅವಳು ಅಂದಿನಿಂದ ಆ ಮೂಸಂಬಿ ಮುಟ್ಟಲಿಲ್ಲ. ನಾನು ತಿಂದೆ.

ಕಾಗದ ಆ ಕಡೆ ಈ ಕಡೆ ಓಡಾಡುವಷ್ಟರಲ್ಲಿ ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತು. ಬೆರಳು ಕುಂಚ ಹಿಡಿಯಲಿಲ್ಲ. ಎಡಗೈಯಲ್ಲಿ ಮೊದಲಿನಿಂದ ಅ ಆ ಇ ಈ ತಿದ್ದಿದೆ. ಒಂದೂವರೆ ವರ್ಷ ಹಿಡಿಯಿತು.

ರೈಲು ಬರಲಿಲ್ಲ. ಒಂದು ಕಂಬವೂ ಏಳಲಿಲ್ಲ. ದಶಕದ ಕೊನೆಗೆ ಒಂದು ದಿನ ಸಂಜೀವಯ್ಯನವರು ನನ್ನ ಅಂಗಡಿಗೆ ಬಂದರು. ನಿವೃತ್ತರಾಗಿದ್ದರು. ಮನೆ ಗೇಟಿಗೆ ಬೋರ್ಡು ಬೇಕು, ಭಾನುವಾರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ ಎಂದರು. ನಾನು ಕುಂಚ ಎತ್ತಿಕೊಂಡಾಗ, "ಎಡಗೈಲಿ ಬರೀತೀಯಾ?" ಎಂದರು.

"ಬಲಗೈ ಇನ್ನೂ ನಿಮ್ಮ ಕಛೇರೀಲಿದೆ ಸಾರ್."

ಬೋರ್ಡಿನ ಮೇಲೆ ಅವರ ಹೆಸರು ಬರೆದೆ. ಅದರ ಕೆಳಗೆ 'ನಿವೃತ್ತ ಓವರ್ಸಿಯರ್' ಎಂದು ಬರೆದೆ. "ಯಾವ ಕಛೇರಿ ಅಂತ ಹಾಕ್ಲಿ?"

ಅವರು ಜೇಬಿನಿಂದ ಎರಡು ಕಾಗದ ತೆಗೆದರು, ನಗರದ ಕಛೇರಿಯದೊಂದು, ರೈಲಿನ ಕಛೇರಿಯದೊಂದು. ಸಂಜೀವಯ್ಯ ರೈಲಿನ ಕಛೇರಿಗೆ ಹೋದವನು, ನಮ್ಮವನಲ್ಲ ಎಂದು ಒಂದರಲ್ಲಿತ್ತು. ಎರವಲು ಬಂದವನು, ನಮ್ಮವನಲ್ಲ ಎಂದು ಇನ್ನೊಂದರಲ್ಲಿ.

"ಯಾವ್ದಾದ್ರೂ ಒಂದು ಬರಿ ಮುನಿರಾಜ. ಗೇಟಿನ ಬೋರ್ಡು, ಯಾರು ಕೇಳ್ತಾರೆ."

ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೊಂದೇ ಸಲ. ನಾಲ್ಕು ಅಕ್ಷರದ ಕೆಲಸ. ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದೆ.

"ಸುಳ್ಳು ಬರೀಲಾ ಸಾರ್?"

ಅವರು ಬಹಳ ಹೊತ್ತು ನನ್ನ ಕೈ ನೋಡಿದರು, ಬಲಗೈಯನ್ನು. ಆಮೇಲೆ, "ಸರಿಯಾಗಿ ಕೇಳ್ದೆ ಮುನಿರಾಜ" ಎಂದು ಕೊಡೆ ಎತ್ತಿಕೊಂಡು ಇಳಿದು ಹೋದರು. ಬೋರ್ಡು ಬಿಟ್ಟು ಹೋದರು. ಭಾನುವಾರ ಕಳೆಯಿತು, ಬರಲಿಲ್ಲ.

ಅವರು ತೀರಿಕೊಂಡರೆಂದು ಮುಂದಿನ ವರ್ಷ ತಿಳಿಯಿತು. ಬೋರ್ಡನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸವನಗುಡಿಗೆ ನಡೆದೆ. ಮನೆಗೆ ಬೀಗ ಹಾಕಿತ್ತು. ಗೇಟಿನ ಕಂಬದಲ್ಲಿ ಮೊಳೆಗೆಂದು ಕೊರೆದ ಎರಡು ತೂತುಗಳಿದ್ದವು. ಬೋರ್ಡಿನ ತೂತುಗಳನ್ನು ಅವಕ್ಕೆ ಹಿಡಿದು ನೋಡಿದೆ. ಅವರೇ ಟೇಪಿನಲ್ಲಿ ಅಳೆದು ಕೊರೆಸಿರಬೇಕು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕಛೇರಿಯ ಹೆಸರಿಗೆಂದು ಬಿಟ್ಟ ಕೆಳಗಿನ ಸಾಲು ಖಾಲಿಯಿತ್ತು. ಬೋರ್ಡನ್ನು ಮತ್ತೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದೆ.