ಬಲಗೈ ಕೋಲಿನ ಅಂಗಡಿ

ಕುಣಿಗಲ್ಲಿನ ಖಮರುನ್ನೀಸಾಗೆ ‘ನನಗೆ ಗೊತ್ತಿಲ್ಲ’ ಅಂದು ಅಭ್ಯಾಸವೇ ಇರಲಿಲ್ಲ. ಯಾರು ಏನು ಕೇಳಿದರೂ ಥಟ್ಟನೆ ಉತ್ತರ ಕೊಡುವಳು. ಅದರಲ್ಲಿ ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಸರಿಯಿಲ್ಲದ್ದನ್ನು ದನಿ ಏರಿಸಿ ಸರಿ ಮಾಡಿಕೊಳ್ಳುತ್ತಿದ್ದಳು.

ತೊಂಬತ್ತೈದನೇ ಇಸವಿಯಲ್ಲಿ ಬೆಂಗಳೂರಿಗೆ ಮದುವೆಗೆಂದು ಹೋದವಳು ಶಿವಾಜಿನಗರದ ಗಲ್ಲಿಯೊಂದರಲ್ಲಿ ವಿಡಿಯೋ ಗೇಮ್ ಅಂಗಡಿ ನೋಡಿದಳು. ಅಂಗಡಿ ನೋಡಿದಳು ಅನ್ನುವುದಕ್ಕಿಂತ, ಅದರ ತುಂಬ ನಿಂತಿದ್ದ ಹುಡುಗರ ಬೆನ್ನು ನೋಡಿದಳು ಅನ್ನಬೇಕು. ಬೆನ್ನುಗಳ ಆಚೆ ಏನೋ ಬಣ್ಣಬಣ್ಣವಾಗಿ ಮಿನುಗುತ್ತಿತ್ತು. ಢಿಶುಂ ಢಿಶುಂ ಸದ್ದಿನ ನಡುವೆ ಪೆಟ್ಟಿಗೆಯೊಳಗೆ ನಾಣ್ಯ ಬೀಳುವುದು ಕೇಳಿಸುತ್ತಿತ್ತು. ಅವಳಿಗೆ ಅಷ್ಟು ಸಾಕಾಯಿತು. ಊರಿಗೆ ಬಂದವಳೇ, ಮನೆಯ ಮುಂದಿನ ರೂಮು ಇನ್ನು ಮೇಲೆ ತನ್ನ ಅಂಗಡಿ ಅಂತ ಘೋಷಿಸಿಬಿಟ್ಟಳು.

ಗಂಡ ಜುಲ್ಫಿಕರ್ ಕುದುರೆ ಫಾರಂನಲ್ಲಿ ಕೆಲಸಕ್ಕಿದ್ದ. ಕುದುರೆಗಳ ಜೊತೆ ಇದ್ದೂ ಇದ್ದೂ ಮಾತು ಕಮ್ಮಿಯಾಗಿ ಹೋದ ಮನುಷ್ಯ. ಅವರ ಮನೆಮಾತು ಉರ್ದು, ನಾವು ಕನ್ನಡದಲ್ಲೇ ಕೇಳೋಣ.

“ಜನ ಬರ್ದಿದ್ರೆ ರೂಮು ಬಾಡಿಗೆಗೆ ಕೊಟ್ಬಿಡ್ತೀನಿ,” ಅಂದ.

“ಬರ್ತಾರೆ,” ಅಂದಳು ಅವಳು. ಒಪ್ಪಂದ ಅಲ್ಲಿಗೆ ಕುದುರಿತು.

ಆಟದ ಸರ್ಕ್ಯೂಟ್ ಬೋರ್ಡುಗಳು ಬೆಂಗಳೂರಿನಿಂದ ಬಂದವು. ಹಳೇ ಟಿವಿಗಳ ಟ್ಯೂಬು ತುಮಕೂರಿನಲ್ಲಿ ಸಿಕ್ಕಿತು. ಇವನ್ನೆಲ್ಲ ಕೂರಿಸುವ ಆಳೆತ್ತರದ ಮರದ ಪೆಟ್ಟಿಗೆಗಳನ್ನು ಮಾಡಿಕೊಡಲು ಗುಬ್ಬಿಯಲ್ಲಿ ಅವಳ ತಮ್ಮ ಅಕ್ರಂ ಪಾಷಾ ಇದ್ದ. ಬೀರು, ಕಿಟಕಿ, ಬಾಗಿಲು ಮಾಡುವ ಬಡಗಿ. ಅವನು ಹಲಗೆಗೆ ತೂತು ಕೊರೆಯುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದ.

“ಆಪಾ, ಈ ಅಲ್ಲಾಡ್ಸೋ ಕೋಲು ಯಾವ್ ಕಡೆ, ಗುಂಡಿ ಯಾವ್ ಕಡೆ?”

“ಇದೂ ಒಂದ್ ಪ್ರಶ್ನೇನಾ? ಊಟ ಮಾಡೋ ಕೈ ಯಾವ್ದು? ಮುಖ್ಯವಾದ್ದು ಬಲಗೈಗೆ. ಕೋಲು ಬಲಕ್ಕೆ ಇಡು.”

ಪ್ರಪಂಚದ ಎಲ್ಲ ಕಡೆ ಆ ಕೋಲು ಎಡಗೈಗೆ, ಗುಂಡಿಗಳು ಬಲಗೈಗೆ. ಅಕ್ರಂ ಅದನ್ನು ಕಂಡವನಲ್ಲ, ಅಕ್ಕ ಕಂಡದ್ದು ಬೆನ್ನು. ವೈರ್ ಎಳೆಯಲು ಬಂದ ಟಿವಿ ರಿಪೇರಿಯವನು ತೂತು ಎಲ್ಲಿತ್ತೋ ಅಲ್ಲಿಗೆ ವೈರ್ ಎಳೆದು ಕೈ ತೊಳೆದುಕೊಂಡ. ಪೆಟ್ಟಿಗೆಗಳು ಟೆಂಪೋ ಏರಿ ಗುಬ್ಬಿಯಿಂದ ಹೊರಟವು. ಗೂಳೂರಿನಲ್ಲಿ ಹಗ್ಗ ಬಿಗಿ ಮಾಡಲು ನಿಲ್ಲಿಸಿದಾಗ, ಯಾವ ಹೆಣ್ಣಿಗೆ ಇಷ್ಟೊಂದು ಬೀರು ಅಂತ ಜನ ಕೇಳಿದರಂತೆ.

ಕುಣಿಗಲ್ಲಿನಲ್ಲಿ ಹೋಲಿಸಿ ನೋಡಲು ಬೇರೆ ಮೆಷಿನ್ನು ಇರಲಿಲ್ಲ. ಹುಡುಗರು ಬಲಗೈಯಲ್ಲಿ ಕೋಲು ಹಿಡಿದೇ ಕಲಿತರು. ಆಟಗಳಿಗೆ ಅವರವರೇ ಹೆಸರಿಟ್ಟರು. ಇಬ್ಬರು ಅಕ್ಕಪಕ್ಕ ನಿಂತು ಗುದ್ದಾಡುವುದು ಹೊಡೆದಾಟ. ಮೇಲಿಂದ ಇಳಿಯುವ ವಿಮಾನಗಳನ್ನು ಸುಡುವುದು ಗುಂಡು. ಬಾಯಿ ಬಿಟ್ಟುಕೊಂಡು ಓಣಿ ಓಣಿ ಸುತ್ತಿ ಚುಕ್ಕಿ ನುಂಗುವುದು ಹೊಟ್ಟೆಬಾಕ. ಕಾರಿನದು ಕಾರು. ಯಾರು ಯಾವುದಕ್ಕೆ ಹೋಗುತ್ತಾರೆ ಅಂತ ಮುಖ ನೋಡಿಯೇ ಖಮರುನ್ನೀಸಾ ಹೇಳುವಳು. ತಾಲ್ಲೂಕು ಕಚೇರಿಯಲ್ಲಿ ‘ಸಾಹೇಬ್ರು ಮೀಟಿಂಗಿಗೆ ಹೋಗವ್ರೆ’ ಅನ್ನಿಸಿಕೊಂಡು ಬಂದವರು ನೇರವಾಗಿ ಗುಂಡು ಆಟಕ್ಕೆ ಹೋಗಿ, ಸಿಟ್ಟು ಇಳಿಯುವ ತನಕ ವಿಮಾನ ಉರುಳಿಸುತ್ತಿದ್ದರು. ಡ್ರೈವರುಗಳು ಮಾತ್ರ ಕಾರಿನ ಹತ್ತಿರವೂ ಸುಳಿಯುತ್ತಿರಲಿಲ್ಲ. “ಬೆಳಗಿಂದ ಅದ್ನೇ ಮಾಡಿ ಬಂದಿವ್ನಿ ಬುಡಕ್ಕ,” ಅನ್ನುವನು ಆಟೋ ಓಡಿಸುವ ಓಬಳಯ್ಯ. ಮೀಸೆ ಬಂದು ಮಕ್ಕಳಾದ ಮೇಲೆ ಆಡಲು ಶುರು ಮಾಡಿದ ಈ ಓಬಳಯ್ಯನೇ ಹೊಡೆದಾಟದಲ್ಲಿ ಊರಿಗೆ ದೊಡ್ಡ ಹುಲಿ. ಆಗೀಗ ತುಮಕೂರಿನಿಂದ ಬಂದ ನೆಂಟರ ಹುಡುಗರು ಕೋಲು ಹಿಡಿದು ತಡವರಿಸಿದರೆ, ಸಿಟಿಯವರಿಗೆ ಕೈ ಚುರುಕಿಲ್ಲ ಅಂತ ಎಲ್ಲರೂ ನಗುತ್ತಿದ್ದರು. ಖಮರುನ್ನೀಸಾಳೂ ನಕ್ಕಿದ್ದಳು, ಜೋರಾಗಿಯೇ.

ಎರಡು ಸಾವಿರದ ಒಂದರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಕಾಂಪ್ಲೆಕ್ಸ್ ಎದ್ದಿತು. ಅದರಲ್ಲಿ ತುಮಕೂರಿನ ಸದಾಶಿವನಗರದ ಬಸವರಾಜ್ ಎಂಬಾತ ಬೆಂಗಳೂರಿನಿಂದ ರೆಡಿಮೇಡ್ ಮೆಷಿನ್ನು ತಂದು ವಿಡಿಯೋ ಗೇಮ್ ಇಟ್ಟ. ಓಬಳಯ್ಯ ಹೆಗಲ ಮೇಲೆ ಟವಲ್ ಹಾಕಿಕೊಂಡು, ಹಿಂದೆ ಹಿಂಡು ಕಟ್ಟಿಕೊಂಡು ಅಲ್ಲಿಗೆ ಹೋದ. ಹೋದಷ್ಟೇ ಬೇಗ ವಾಪಸ್ ಬಂದ.

“ಅಕ್ಕೋ, ಅಲ್ಲಿ ಕೋಲು ಎಡಕ್ಕದೆ ಕಣಕ್ಕ. ನನ್ ಕೈ ನನ್ ಮಾತೇ ಕೇಳ್ನಿಲ್ಲ. ಚಡ್ಡಿ ಹಾಕೋ ಹುಡುಗ್ನ ಕೈಲಿ ಒದೆ ತಿಂದೆ.”

“ಅವನ್ದು ತಪ್ಪಾಗಿರ್ತದೆ.”

“ಎಲ್ಲಾ ಊರಲ್ಲೂ ಹಂಗೇ ಅಂತೆ ಕಣಕ್ಕ. ನಮ್ದೇ ಉಲ್ಟಾ ಅಂತೆ. ಆ ಬಸವರಾಜು, ನಿಮ್ಮಕ್ಕ ಕನ್ನಡೀಲಿ ನೋಡ್ಕೊಂಡು ಅಂಗಡಿ ಇಟ್ಟವ್ಳಾ ಅಂತ ನಗಾಡ್ದ.”

ಸಂಜೆಯ ಹೊತ್ತಿಗೆ ಊರಿಗೆ ಊರೇ ‘ಉಲ್ಟಾ ಅಂಗಡಿ’ ಅನ್ನಲು ಶುರು ಮಾಡಿತ್ತು. ಹುಡುಗರಿಗೆ ಹೊಸ ಕೈ ಕಲಿಯುವ ಹುಚ್ಚು ಹತ್ತಿತು, ಇತ್ತ ಖಮರುನ್ನೀಸಾಳ ಮೆಷಿನ್ನುಗಳು ತಮ್ಮಷ್ಟಕ್ಕೆ ಮಿನುಗುತ್ತ ನೊಣ ಹೊಡೆಯುತ್ತಿದ್ದವು. ಅವಳಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಯಾಕೆಂದರೆ ಸಿಮೆಂಟ್ ವ್ಯಾಪಾರದ ಶಿವರಾಮಯ್ಯ ಆಗಲೇ ಮೂಟೆ ಪೇರಿಸಲು ಆ ರೂಮನ್ನು ಕೇಳಿದ್ದರು. ಜುಲ್ಫಿಕರ್ ಹೆಂಡತಿಗೆ ಬೈಯಲಿಲ್ಲ, ಹಂಗಿಸಲಿಲ್ಲ. ಹಳೇ ಮಾತನ್ನು ಅಷ್ಟೇ ನೆನಪಿಸಿದ. “ಬರೋ ಭಾನುವಾರ ಸಂಜೆ ರೂಮು ನೋಡೋಕೆ ಬರ್ತಾರಂತೆ,” ಅಂದ. ಆ ರೂಮು ಹೋದರೆ ಅವಳಿಗೆ ಉಳಿಯುವುದು ಅಡಿಗೆಮನೆ. ಅಷ್ಟು ವರ್ಷ ಊರಿನ ನಡುವೆ ಕೂತು ಗಟ್ಟಿಯಾಗಿ ಮಾತಾಡಿದವಳಿಗೆ ಅದನ್ನು ನೆನೆದರೇ ಉಸಿರು ಕಟ್ಟುತ್ತಿತ್ತು.

ಸುದ್ದಿ ಕೇಳಿ ಅಕ್ರಂ ಪಾಷಾ ಡ್ರಿಲ್ಲಿಂಗ್ ಮೆಷಿನ್ನು ಹಿಡಿದು ಗುಬ್ಬಿಯಿಂದ ಓಡಿಬಂದ. ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದ.

“ನಂದೇ ತಪ್ಪು ಆಪಾ. ಒಂದ್ಸಲ ಎಲ್ಲಾದ್ರೂ ಹೋಗಿ ನೋಡ್ಬೇಕಿತ್ತು. ಎಲ್ಲಾ ಈ ಕಡೆಯಿಂದ ಆ ಕಡೆಗೆ ಮಾಡ್ಕೊಟ್ಟು ಹೋಗ್ತೀನಿ.”

ಅವಳು ಡ್ರಿಲ್ಲಿಂಗ್ ಮೆಷಿನ್ನನ್ನು ಅವನ ಕೈಯಿಂದ ತೆಗೆದು ಕೆಳಗಿಟ್ಟಳು. ಆಮೇಲೆ, ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಅವನು ಕೇಳದ ಮಾತನ್ನು ಆಡಿದಳು. “ತಪ್ಪು ನಿಂದಲ್ಲ. ನಂಗೆ ಗೊತ್ತಿರ್ಲಿಲ್ಲ.” ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಎದೆ ಹಗುರಾಯಿತು, ತಲೆ ಓಡಲು ಶುರುವಾಯಿತು.

ಎಲ್ಲ ಬದಲಾಯಿಸಿದರೆ ಬಸವರಾಜನ ಅಂಗಡಿಯ ಹಳೇ ಕಾಪಿ ಆಗುತ್ತೇವೆ, ಅಷ್ಟೇ. ಹೊಸದು ಅಲ್ಲಿರುವಾಗ ಹಳೇದಕ್ಕೆ ಯಾರು ಬರುತ್ತಾರೆ? ಮೇಲಾಗಿ ಈ ಬಲಗೈಗಳನ್ನು ತಯಾರು ಮಾಡಿದವಳು ತಾನು. ಅವರನ್ನು ನಡುನೀರಿನಲ್ಲಿ ಬಿಟ್ಟು ಹೋಗುವುದೇ?

“ಹೊಡೆದಾಟದ ಮೆಷಿನ್ ಒಂದೇ ಬಿಚ್ಚು,” ಅಂದಳು. “ಅದ್ರಲ್ಲೂ ಅರ್ಧ. ಒಬ್ಬ ಆಡೋ ಜಾಗ ನಮ್ ಥರಾನೇ ಇರ್ಲಿ. ಪಕ್ಕದ್ದು ಅವರ ಥರ ಮಾಡು.”

ಅಕ್ರಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಣ್ಣೊರೆಸಿಕೊಂಡು ಡ್ರಿಲ್ಲಿಗೆ ಪ್ಲಗ್ ಹಾಕಿದ.

ಮರುದಿನ ಖಮರುನ್ನೀಸಾ ಬುರ್ಖಾ ತೊಟ್ಟು ಬಸವರಾಜನ ಅಂಗಡಿಯ ನಟ್ಟನಡುವೆ ಹೋಗಿ ನಿಂತಳು. ಆಡುತ್ತಿದ್ದ ಹುಡುಗರೆಲ್ಲ ಕಳ್ಳರು ಸಿಕ್ಕಿಬಿದ್ದ ಹಾಗೆ ತಲೆ ತಗ್ಗಿಸಿದರು.

“ಏನಪ್ಪಾ ಬಸವರಾಜು, ಆನೆಗೆ ಮರ ಹತ್ತೋ ಸ್ಪರ್ಧೆ ಇಟ್ಟು ಗೆದ್ದೆ ಅಂತ ಕುಣೀತಿದ್ಯಂತೆ? ಭಾನುವಾರ ಮಧ್ಯಾಹ್ನ ನಮ್ಮಲ್ಲಿಗೆ ಬಾ. ನಿನ್ ಕೈಗೆ ನಿನ್ ಕೋಲು ಮಾಡ್ಸಿದೀನಿ, ಓಬಳಯ್ಯನ ಕೈಗೆ ಅವನ್ದು. ಒಂದೇ ಮೆಷಿನ್ನು, ಒಂದೇ ಆಟ. ಆಮೇಲೆ ನಗಾಡೋದಿದ್ರೆ ನಗಾಡು.”

“ಪಂದ್ಯಕ್ಕೆ ಏನ್ ಕಟ್ತೀರಕ್ಕ?” ಅಂತ ಬಸವರಾಜ್ ಮೀಸೆಯಲ್ಲೇ ನಕ್ಕ.

“ಜೂಜು ನಮ್ಮಲ್ಲಿ ಹರಾಮು. ಚಾ ಕೊಡ್ತೀನಿ, ಬಾ.”

ಅಷ್ಟು ಜನರ ಎದುರು ಕರೆದರೆ ಬರದೆ ಇರಲಾದೀತೇ, ಅವನಿಗೂ ಮೀಸೆಯಿತ್ತಲ್ಲ. ಬಂದ. ಅವನ ಗಿರಾಕಿಗಳೂ ಬಂದರು, ಇವಳ ಹಳಬರೂ ಬಂದರು, ಆಟವೆಂದರೇನು ಅಂತ ಗೊತ್ತಿಲ್ಲದ ಸಂತೆಯ ಜನವೂ ಬಂದು ಕಿಟಕಿಗೆ ಜೋತುಬಿದ್ದರು. ಮೊದಲ ಸುತ್ತನ್ನು ಬಸವರಾಜ್ ಹೊಡೆದ. ಎರಡನೆಯದನ್ನು ಓಬಳಯ್ಯ ಎಷ್ಟು ಬೇಗ ಮುಗಿಸಿದನೆಂದರೆ ಬಸವರಾಜ್ ಶರ್ಟಿನ ತೋಳು ಮಡಿಸಿಕೊಂಡ. ಮೂರನೆಯದರಲ್ಲಿ ಇಬ್ಬರ ಜೀವವೂ ಕೂದಲೆಳೆಯಷ್ಟು ಉಳಿದಿತ್ತು. ಓಬಳಯ್ಯ ಎಗರಿದ, ಬಸವರಾಜ್ ಕೂತು ಒದ್ದ. ಓಬಳಯ್ಯ ಬಿದ್ದ.

ಖಮರುನ್ನೀಸಾ, ಇನ್ನು ಅಂಗಡಿಯ ಕಥೆ ಮುಗಿಯಿತು ಅಂದುಕೊಂಡಳು.

ಬಸವರಾಜ್ ಮಾತ್ರ ನಗಲಿಲ್ಲ. ಬೆವರು ಒರೆಸಿಕೊಂಡು, “ಏನ್ಲಾ ಓಬಳಯ್ಯ, ಬಲಗೈಲಿ ಹೆಂಗ್ಲಾ ಅಷ್ಟ್ ಬೇಗ ತಿರುಗಿಸ್ತೀಯಾ?” ಅಂದವನೇ ಜೇಬಿಗೆ ಕೈ ಹಾಕಿ ಇನ್ನೊಂದು ನಾಣ್ಯ ತೆಗೆದ. ಅಷ್ಟರಲ್ಲಿ ಹಿಂದಿನವರು, ನಿಮ್ದಾಯ್ತು ಬುಡಿ ಸಾರ್, ನಮಗೂ ಬುಡಿ ಅಂತ ನುಗ್ಗಿದರು. ಬಲಗೈಯವರು ಒಂದು ಕಡೆ, ಎಡಗೈಯವರು ಇನ್ನೊಂದು ಕಡೆ ತಾವಾಗಿಯೇ ಸಾಲು ಕಟ್ಟಿದರು. ಯಾವ ಕೈ ಮೇಲು ಎಂಬ ಜಗಳ ಅಂಗಡಿಯಿಂದ ಬೀದಿಗಿಳಿಯಿತು. ಅದನ್ನು ತೀರ್ಮಾನಿಸುವ ಮೆಷಿನ್ನು ಇದ್ದದ್ದು ಇದೊಂದೇ ಅಂಗಡಿಯಲ್ಲಿ. ಸೋತ ಓಬಳಯ್ಯನಂತೂ ಸಾಲಿನ ತುದಿಗೆ ಹೋಗಿ ಮತ್ತೆ ನಿಂತಿದ್ದ.

ಆ ಗದ್ದಲದಲ್ಲಿ ಶಿವರಾಮಯ್ಯ ರೂಮು ನೋಡಲು ಬಂದರು. ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನರ ತಲೆಗಳ ಮೇಲಿಂದ ಇಣುಕಿ, ಜಗುಲಿಯ ಮೇಲೆ ನಿಂತಿದ್ದ ಜುಲ್ಫಿಕರನನ್ನು ಕೂಗಿದರು.

“ಏನ್ ಸಾಬ್ರೇ, ರೂಮು ಯಾವತ್ತು ಖಾಲಿ ಮಾಡಿಸ್ತೀರಾ?”

ಖಮರುನ್ನೀಸಾ ಚಾ ಲೋಟಗಳ ತಟ್ಟೆ ಹಿಡಿದು ಒಳಗಿನ ಬಾಗಿಲಲ್ಲಿ ನಿಂತುಬಿಟ್ಟಳು. ಗಂಡ ಜನರನ್ನು ನೋಡಿದ, ಶಿವರಾಮಯ್ಯನವರನ್ನು ನೋಡಿದ. ಕುದುರೆಗೂ ಗಟ್ಟಿಯಾಗಿ ಒಂದು ಮಾತು ಆಡದ ಮನುಷ್ಯ ಆವತ್ತು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ:

“ನನ್ನ ಯಾಕೆ ಕೇಳ್ತೀರಾ ಸ್ವಾಮಿ? ಅಂಗಡಿ ಅವಳ್ದು. ಅವಳ್ನೇ ಕೇಳಿ.”